ಲೇಬಲ್ ಮರೆಸಿ, ರುಚಿ ಹಿಡಿಯಿರಿ: ಮನೆಯಲ್ಲೇ ಅಮೆರಿಕನ್ ವಿಸ್ಕಿಗಳ ಹೋಲಿಕೆ

ನಾಲ್ಕು ಬಾಟಲಿ ಮುಂದಿಟ್ಟುಕೊಂಡು ಹಾಗೇ ಸುರಿದು ಕುಡಿದರೆ ಹೆಚ್ಚಿನ ಸಲ ಗೆಲ್ಲುವುದು ಸ್ಟ್ರಾಂಗ್ ಇರುವುದು, ಇಲ್ಲವೇ ದುಬಾರಿಯದ್ದು. ರುಚಿಯನ್ನೇ ಹೋಲಿಸಬೇಕೆಂದರೆ ಮೊದಲು ಆಲ್ಕೋಹಾಲ್ ಪ್ರಮಾಣ ಸಮ ಮಾಡಬೇಕು, ಆಮೇಲೆ ಲೇಬಲ್ ಮರೆಸಬೇಕು. ಮೆಡಿಕಲ್ ಶಾಪ್‌ನಿಂದ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ತಂದರೆ ಅರ್ಧ ಕೆಲಸ ಆದಂತೆ.

ಬಾಟಲಿಗಳ ಆಯ್ಕೆ

ಧಾನ್ಯ ಬೇರೆ ಬೇರೆ ಇರುವಂತೆ ಆರಿಸಿ. ಅಮೆರಿಕದ ವಿಸ್ಕಿಯೊಂದು ಬರ್ಬನ್ ಎನಿಸಿಕೊಳ್ಳಲು ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ ಬೇಕು. ಬಣ್ಣ, ಫ್ಲೇವರ್ ಬೆರೆಸುವಂತಿಲ್ಲ. ವ್ಯತ್ಯಾಸ ಹುಟ್ಟುವುದು ಮುಖ್ಯವಾಗಿ ಉಳಿದ ಧಾನ್ಯದಲ್ಲಿ. ಮೇಕರ್ಸ್ ಮಾರ್ಕ್‌ಗೆ (ಆಲ್ಕೋಹಾಲ್ ಶೇ 45) ಗೋಧಿ, ವೈಲ್ಡ್ ಟರ್ಕಿ 101ಕ್ಕೆ ರೈ (ಗೋಧಿಯನ್ನು ಹೋಲುವ ಒಂದು ಧಾನ್ಯ). ಈ 101 ಎಂದರೆ ಪ್ರೂಫ್, ಆಲ್ಕೋಹಾಲ್‌ನ ಅಮೆರಿಕನ್ ಅಳತೆ; ಅದರ ಅರ್ಧ, ಅಂದರೆ ಶೇ 50.5, ಆಲ್ಕೋಹಾಲ್. ರಿಟನ್‌ಹೌಸ್ (ಶೇ 50) ರೈ ಧಾನ್ಯವೇ ಮುಖ್ಯವಾದ ವಿಸ್ಕಿ. ಅದರ ಮೇಲಿನ 'ಬಾಟಲ್ಡ್ ಇನ್ ಬಾಂಡ್' ಎಂಬ ಮಾತು ಅಮೆರಿಕದ 1897ರ ಕಾಯ್ದೆಯದ್ದು: ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ. ನಾಲ್ಕನೆಯದು ಟೆನ್ನೆಸಿಯ ಜ್ಯಾಕ್ ಡೇನಿಯಲ್ಸ್ (ಶೇ 40). ಪೀಪಾಯಿ ಸೇರುವ ಮೊದಲು ಇದು ಸುಮಾರು 10 ಅಡಿ ಮೇಪಲ್ ಇದ್ದಿಲಿನೊಳಗೆ ತೊಟ್ಟಿಕ್ಕಿ ಇಳಿಯುತ್ತದೆ. ಬಾಟಲಿಯ ಮೇಲಿನ ಶೇಕಡಾ ದೇಶದಿಂದ ದೇಶಕ್ಕೆ ಬದಲಾಗಬಹುದು, ಓದಿಕೊಂಡೇ ಲೆಕ್ಕ ಹಾಕಿ.

ನೀರಿನ ಲೆಕ್ಕ

ನಾಲ್ಕನ್ನೂ ಶೇ 40ಕ್ಕೆ ತರೋಣ. ವಿಸ್ಕಿಯ ಎಂಎಲ್ ಅನ್ನು ಅದರ ಶೇಕಡಾದಿಂದ ಗುಣಿಸಿ, 40ರಿಂದ ಭಾಗಿಸಿ, ಮೊದಲಿನ ಎಂಎಲ್ ಕಳೆಯಿರಿ. ಸಿಕ್ಕಿದ್ದು ಬೆರೆಸಬೇಕಾದ ನೀರು. 15 ಎಂಎಲ್ ಮೇಕರ್ಸ್ ಮಾರ್ಕ್‌ಗೆ 1.9, ರಿಟನ್‌ಹೌಸ್‌ಗೆ 3.8, ವೈಲ್ಡ್ ಟರ್ಕಿಗೆ 3.9 ಎಂಎಲ್. ಜ್ಯಾಕ್ ಡೇನಿಯಲ್ಸ್‌ಗೆ ಏನೂ ಬೇಡ. ನಲ್ಲಿ ನೀರು ಬಳಸಬೇಡಿ, ಕ್ಲೋರಿನ್ ವಾಸನೆ ವಿಸ್ಕಿಯ ಪರಿಮಳವನ್ನು ನುಂಗಿಬಿಡುತ್ತದೆ.

ಇಲ್ಲೇ ಬಹಳ ಜನ ಎಡವುವುದು: ನೀರು ಸೇರಿದ ಗ್ಲಾಸಿನ ಮಟ್ಟ ಮೇಲಿರುತ್ತದೆ, ಕಣ್ಣು ಗುಟ್ಟು ಬಿಟ್ಟುಕೊಡುತ್ತದೆ. ಹಾಗಾಗಿ ಮನೆಯಲ್ಲಿ ಇನ್ನೊಬ್ಬರು ಬೇರೆ ಲೋಟದಲ್ಲಿ ಬೆರೆಸಿ, ಪ್ರತಿ ಗ್ಲಾಸಿಗೂ ಸರಿಯಾಗಿ 15 ಎಂಎಲ್, ಅಂದರೆ ಮೂರು ಸಿರಿಂಜ್, ಹಾಕಲಿ. ಅಡಿಯಲ್ಲಿ ಅ, ಆ, ಇ, ಈ ಎಂದು ಚೀಟಿ ಅಂಟಿಸಲಿ. ಬಣ್ಣ ಕಾಣದಂತೆ ಗ್ಲಾಸಿಗೆ ಕಾಗದ ಸುತ್ತಿ. ನಾಲ್ಕೂ ಒಂದೇ ಆಕಾರದ, ಬಾಯಿ ಕಿರಿದಾದ ಗ್ಲಾಸ್ ಇರಲಿ. ಸೋಪಿನ ನಿಂಬೆವಾಸನೆ ಹೋಗುವಂತೆ ಬಿಸಿನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಆರಿಸಿ.

ಮೂಗು, ಆಮೇಲೆ ನಾಲಿಗೆ

ಒಗ್ಗರಣೆಯ ಘಾಟು, ಅಗರಬತ್ತಿ ಇಲ್ಲದ ಕೋಣೆ ಬೇಕು. ಊಟವಾಗಿ ಎರಡು ಗಂಟೆ ಕಳೆದಿರಲಿ. ಗ್ಲಾಸಿಗೆ ತಟ್ಟೆ ಮುಚ್ಚಿ 10 ನಿಮಿಷ ಬಿಡಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ, ಆಲ್ಕೋಹಾಲ್ ಚುಚ್ಚಿ ಮೂಗು ಜೋಮು ಹಿಡಿಯುತ್ತದೆ. ಗದ್ದದ ಹತ್ತಿರ ಹಿಡಿದು, ಬಾಯಿ ತುಸು ತೆರೆದು, ನಿಧಾನ ಎಳೆದುಕೊಳ್ಳಿ.

ವಾಸನೆಗೆ ನಮ್ಮ ಅಡುಗೆಮನೆಯ ಹೆಸರುಗಳೇ ಚೆನ್ನ. ಬೆಲ್ಲದ ಪಾಕ, ವೆನಿಲ್ಲಾ ಸುಟ್ಟ ಓಕ್‌ನಿಂದ ಬಂದವು. ಲವಂಗ ಬರೀ ಹೋಲಿಕೆಯಲ್ಲ, ಲವಂಗದಲ್ಲಿರುವ ಯೂಜಿನಾಲ್ ಓಕ್ ಮರದಲ್ಲೂ ಇದೆ. ಮಾಗಿದ ಬಾಳೆಹಣ್ಣು ಯೀಸ್ಟ್‌ನ ಕೆಲಸ, ಜ್ಯಾಕ್ ಡೇನಿಯಲ್ಸ್‌ನಲ್ಲಿ ಹುಡುಕಿ. ರೈನಲ್ಲಿ ಕಾಳುಮೆಣಸು, ಕೆಲವೊಮ್ಮೆ ಸಬ್ಬಸಿಗೆ ಸೊಪ್ಪು. ಹಸಿ ಅಡಿಕೆ ಜಗಿದಂಥ ಒಗರು ಸಿಕ್ಕರೆ ಅದು ಮರದ್ದು.

ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕಷ್ಟೇ, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯದನ್ನು 10 ಸೆಕೆಂಡ್ ಬಾಯಲ್ಲಿ ಆಡಿಸಿ, ಉಗುಳಿ ಅಥವಾ ನುಂಗಿ, ಕೂಡಲೇ ಬರೆದುಕೊಳ್ಳಿ. ನಡುವೆ ನೀರು, ಉಪ್ಪಿಲ್ಲದ ಮಂಡಕ್ಕಿ. ಖಾರಾಬೂಂದಿ ತಿಂದಿರೋ, ಅಲ್ಲಿಗೆ ಮುಗಿಯಿತು. ಎರಡನೇ ಸುತ್ತು ಹಿಂದುಮುಂದಾಗಿ ನೋಡಿ, ಮೊದಲ ಗ್ಲಾಸಿನ ಮೇಲಿನ ಪಕ್ಷಪಾತ ತಗ್ಗುತ್ತದೆ. ನಾಲ್ಕೂ ಸೇರಿ ಒಂದು ಲಾರ್ಜ್‌ನಷ್ಟು (60 ಎಂಎಲ್), ಆಮೇಲೆ ಗಾಡಿ ಮುಟ್ಟಬೇಡಿ.

ನಿಜವಾಗಿಯೂ ಗೊತ್ತಾಯಿತೇ?

ಇನ್ನೊಂದು ದಿನ ಎರಡು ವಿಸ್ಕಿ ಆರಿಸಿ ಮೂರು ಗ್ಲಾಸ್ ಇಡಿಸಿ, ಎರಡರಲ್ಲಿ ಒಂದೇ ವಿಸ್ಕಿ ಇರಲಿ. ಬೇರೆಯದನ್ನು ಹುಡುಕಿ. ಬರೀ ಊಹೆಯಿಂದಲೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಆದ್ದರಿಂದ ಬೇರೆ ಬೇರೆ ದಿನ ಆರೇಳು ಬಾರಿಯಾದರೂ ಮಾಡಿದರೇ ನಂಬಬಹುದು. ಆ ದಿನಗಳ ನಡುವೆ ಬಾಟಲಿ ಕಾಲುಭಾಗಕ್ಕೆ ಇಳಿದರೆ ಗಾಳಿ ತಗುಲಿ ರುಚಿ ಮಂಕಾಗುತ್ತದೆ. ಉಳಿದದ್ದನ್ನು ಪುಟ್ಟ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿ, ನಿಲ್ಲಿಸಿಯೇ ಇಡಿ.