ತಾಯಿ ಮಾಗೂರು ತತ್ತಿಗೆ ಬಂದಿದೆಯೇ? ಸೂಜಿ ಹಿಡಿಯುವ ಮುನ್ನ ನೋಡಿ

ಬಾಗಲಕೋಟೆ ಸುತ್ತ ಕೃಷಿ ಹೊಂಡದಲ್ಲಿ ಮಾಗೂರು ಮೀನಿನ ಮರಿ ಮಾಡಲು ಹೊರಟ ರೈತರು ಮೊದಲು ಕೇಳುವುದು ಒಂದೇ ಮಾತು: "ಇಂಜೆಕ್ಷನ್ ಎಷ್ಟು ಕೊಡಬೇಕ್ರಿ ಸರ್?" ಇಂಜೆಕ್ಷನ್ ತತ್ತಿ ಮಾಡುವುದಿಲ್ಲ. ಒಳಗೆ ಬೆಳೆದು ಕೂತ ತತ್ತಿಯನ್ನು ಬಿಡಿಸುತ್ತದೆ, ಅಷ್ಟೆ. ಹಾಗಾಗಿ ಹೆಣ್ಣಿನ ಮೈ ಓದುವುದೇ ಮೊದಲ ಕೆಲಸ. (ಇಲ್ಲಿ ಹೇಳುವುದು ದೇಶಿ ಮಾಗೂರಿನ ವಿಷಯ. ಆಫ್ರಿಕನ್ ಮಾಗೂರು ಸಾಕಣೆಗೆ ನಿಷೇಧವಿದೆ, ಅದರ ಹತ್ತಿರ ಹೋಗಬೇಡಿ.)

ಕೆಲಸ ಶುರುವಾಗುವುದು ಫೆಬ್ರವರಿಯಲ್ಲಿ. ಹಗಲು ಉದ್ದವಾಗಿ ನೀರು ಬೆಚ್ಚಗಾದಂತೆ ಮಿದುಳಿನಿಂದ ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ತತ್ತಿ ಚೀಲಕ್ಕೆ ಸುದ್ದಿ ಹೋಗುತ್ತದೆ. ಚೀಲ ಈಸ್ಟ್ರೊಜನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ತಲುಪಿದಾಗ ಲಿವರ್ ತತ್ತಿಯೊಳಗಿನ ಹಳದಿಗೆ ಬೇಕಾದ ಸರಕು ತಯಾರಿಸುತ್ತದೆ. ರಕ್ತದಲ್ಲಿ ಹರಿದು ಬಂದ ಆ ಸರಕನ್ನು ತತ್ತಿ ಹೀರಿ ದಪ್ಪವಾಗುತ್ತದೆ. ಮರಿಯ ಮೊದಲ ಮೂರು ದಿನದ ಊಟ ಇದೇ ಅಲ್ವಾ? ಅದಕ್ಕೇ ಈ ತಿಂಗಳುಗಳಲ್ಲಿ ಶೇ 30ರಿಂದ 35 ಪ್ರೋಟೀನ್ ಇರುವ ಮೇವು ಕೊಡಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಂಡದ ಮೇಲೆ ನೆರಳು ಮಾಡಿ, ನೀರು ಆಳವಾಗಿಡಿ. ತಾಯಿಗೆ ತ್ರಾಸಾದರೆ ಬೆಳೆದ ತತ್ತಿಯೂ ಕರಗಿ ಮೈಗೇ ವಾಪಸ್ ಹೋಗುತ್ತದೆ.

ಮಳೆಗಾಲ ಹಿಡಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಹೆಣ್ಣನ್ನು ಆರಿಸಿ. ಒಂದು ವರ್ಷ ತುಂಬಿರಲಿ, ತೂಕ 100 ಗ್ರಾಂ ಮೇಲಿರಲಿ. ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ, ಎದೆರೆಕ್ಕೆಯ ಮುಳ್ಳು ಕೈಗೆ ಚುಚ್ಚುತ್ತದೆ. ಗುದದ್ವಾರದ ಹಿಂದಿನ ಪುಟ್ಟ ಗಂಟು ಹೆಣ್ಣಿಗೆ ಗುಂಡಿಯಂತೆ ದುಂಡಗಿರುತ್ತದೆ, ಗಂಡಿಗೆ ಉದ್ದ, ಚೂಪು. ತತ್ತಿಗೆ ಬಂದಿದ್ದರೆ ಗಂಟು ಕೆಂಪಾಗಿರುತ್ತದೆ, ಹೊಟ್ಟೆ ಮೆತ್ತಗೆ ಎರಡೂ ಬದಿಗೆ ಉಬ್ಬಿರುತ್ತದೆ. ಹೊಟ್ಟೆ ತುಂಬ ತಿಂದ ಮೀನೂ ಹೀಗೇ ಕಾಣುತ್ತದೆ. ಆದ್ದರಿಂದ ಒಂದು ದಿನ ಮೇವು ನಿಲ್ಲಿಸಿ ಆಮೇಲೆ ನೋಡಿ.

ಅನುಮಾನವಿದ್ದರೆ ಸಣ್ಣ ಮೆತ್ತನೆಯ ನಳಿಕೆಯಿಂದ ನಾಲ್ಕಾರು ತತ್ತಿ ಹೊರತೆಗೆಯಿರಿ. ಸ್ಪಿರಿಟ್ 6, ಫಾರ್ಮಾಲಿನ್ 3, ಅಸಿಟಿಕ್ ಆಸಿಡ್ 1 ಪಾಲಿನ ಮಿಶ್ರಣದಲ್ಲಿ ಹಾಕಿದರೆ ತತ್ತಿ ತಿಳಿಯಾಗಿ, ಒಳಗಿನ ಕೋಶಕೇಂದ್ರ (ನ್ಯೂಕ್ಲಿಯಸ್) ಕಾಣುತ್ತದೆ. ಅದು ನಟ್ಟನಡುವೆ ಇದ್ದರೆ ಇನ್ನೂ ಕಾಯಬೇಕು. ಅಂಚಿನ ಕಡೆ ಸರಿದಿದ್ದರೆ ಈ ತಾಯಿ ತಯಾರಾಗಿದ್ದಾಳೆ.

ತಯಾರಾಗಿಯೂ ತೊಟ್ಟಿಯಲ್ಲಿ ಯಾಕೆ ತಾನಾಗಿ ತತ್ತಿ ಇಡುವುದಿಲ್ಲ? ಹೊಲಕ್ಕೆ ನುಗ್ಗುವ ಹೊಸ ನೀರು, ತೆಳ್ಳನೆಯ ಕೆಸರು ಇಲ್ಲಿಲ್ಲ. ಹಾಗಾಗಿ ಮಿದುಳಿನ ಡೊಪಮೈನ್ ಎಂಬ ರಾಸಾಯನಿಕ, ತತ್ತಿ ಬಿಡಿಸುವ ಕೊನೆಯ ಹಾರ್ಮೋನನ್ನು ಹಿಡಿದಿಟ್ಟಿರುತ್ತದೆ. ಪೇಟೆಯ ಚುಚ್ಚುಮದ್ದಿನಲ್ಲಿ ಎರಡು ಔಷಧ ಇರುತ್ತವೆ. ಒಂದು ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಇನ್ನೊಂದು, ಡೋಂಪೆರಿಡೋನ್, ಡೊಪಮೈನಿನ ಹಿಡಿತ ಬಿಡಿಸುತ್ತದೆ. ಕೆಜಿಗೆ 1ರಿಂದ 1.5 ಮಿಲಿ ಲೆಕ್ಕ. ಅಂದರೆ 150 ಗ್ರಾಂ ಮೀನಿಗೆ 0.15ರಿಂದ 0.22 ಮಿಲಿ. ಇನ್ಸುಲಿನ್ ಸಿರಿಂಜ್ ಸಾಕು, ಬೆನ್ನಿನ ಮಾಂಸಕ್ಕೆ ಕೊಡಿ.

ಈಗ ತಾಳ್ಮೆ. 27–28 ಡಿಗ್ರಿ ನೀರಿನಲ್ಲಿ ಸುಮಾರು 17 ಗಂಟೆ ಕಾಯಬೇಕು. ಸಂಜೆ 5ಕ್ಕೆ ಕೊಟ್ಟರೆ ಮರುದಿನ ಬೆಳಿಗ್ಗೆ 10ರ ಸುಮಾರು. ನೀರು ತಂಪಾಗಿದ್ದರೆ ಇನ್ನೂ ಜಾಸ್ತಿ ಹೊತ್ತು. ಮೊದಲ ವರ್ಷ ನಾನು ಬೆಳಕು ಹರಿಯುವ ಮೊದಲೇ ಹೊಟ್ಟೆ ಒತ್ತಿದೆ. ರಕ್ತ ಬಂತು, ನಾಲ್ಕು ತಾಯಿ ಮೀನು ಸತ್ತವು. ಇವತ್ತಿಗೂ ಅದು ಮನಸ್ಸಿನಲ್ಲಿದೆ. ತಡವಾದರೂ ನಷ್ಟವೇ: ಬಿಡಿಯಾದ ತತ್ತಿ ಒಳಗೇ ಉಳಿದರೆ ಕೆಡುತ್ತದೆ. ಮೆಲ್ಲಗೆ ಸವರಿದಾಗ ತತ್ತಿ ಸಲೀಸಾಗಿ ಜಾರಿ ಬರಬೇಕು. ಬರದಿದ್ದರೆ ನೀರಿಗೆ ಬಿಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಿ.

ತತ್ತಿಯನ್ನು ಒಣ ಬೋಗುಣಿಯಲ್ಲಿ ಹಿಡಿದು ಗಂಡಿನ ವೀರ್ಯ ಬೆರೆಸಿ, ಆಮೇಲೆ ನೀರು ಹಾಕಿ. ಸರಿಯಾಗಿದ್ದರೆ 24–26 ಗಂಟೆಯಲ್ಲಿ ತತ್ತಿ ಒಡೆದು ಮರಿ ಬರುತ್ತದೆ. ಬರಿದಾದ ತಾಯಿಯನ್ನು ಶುದ್ಧ ನೀರಿನ ಬೇರೆ ತೊಟ್ಟಿಯಲ್ಲಿ ಬಿಡಿ. ದೇಶಿ ಮಾಗೂರು ವರ್ಷಕ್ಕೆ ಒಮ್ಮೆಯೇ ತತ್ತಿಗೆ ಬರುವುದು. ಅದೇ ಹಂಗಾಮಿನಲ್ಲಿ ಅದಕ್ಕೆ ಮತ್ತೆ ಸೂಜಿ ಚುಚ್ಚಬೇಡಿ.