ಸ್ಟಡ್ ಸಂದಿಯಿಂದ ಇಳಿಯುತ್ತಿದ್ದ ನೀರು

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಅಂಬಾಸಿಡರ್ ಇದೆ. 1489 ಸಿಸಿ ಪೆಟ್ರೋಲ್ ಎಂಜಿನ್. ಹೋದ ಬೇಸಿಗೆಯಲ್ಲಿ ರೇಡಿಯೇಟರ್ ನೀರು ಕಡಿಮೆಯಾಗತೊಡಗಿತು. ವಾರಕ್ಕೆ ಸುಮಾರು ಅರ್ಧ ಲೀಟರ್. ಕಾರಿನ ಕೆಳಗೆ ಶಹಾಬಾದ್ ಕಲ್ಲಿನ ಮೇಲೆ ಒಂದು ಹನಿಯೂ ಇಲ್ಲ. ಆಯಿಲ್ ಕೂಡ ಬೆಳ್ಳಗಾಗಿರಲಿಲ್ಲ, ಅಂದರೆ ನೀರು ಅದಕ್ಕೂ ಸೇರಿರಲಿಲ್ಲ. ಕಲಬುರಗಿ ಬಿಸಿಲಿಗೆ ಆರ್ತದ ಬಿಡ್ರಿ ಅಂದರು ಕೆಲವರು. ಮುಚ್ಚಳ ಬಿಗಿಯಾಗಿರುವ ರೇಡಿಯೇಟರ್ ಹಾಗೆ ಆರುವುದಿಲ್ಲ ಅಲ್ವಾ?

ಒಂದು ಮುಂಜಾನೆ ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಹುಡುಕಿದೆ. ಎಂಜಿನ್ನಿನ ಬಿಸಿ ಹೊಗೆ ಹೊರಗೆ ಒಯ್ಯುವ ಕೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದನ್ನು ಹಿಡಿದಿಡುವ ಹಿಂದಿನ ಸ್ಟಡ್ (ತಲೆಯಿಲ್ಲದ ಬೋಲ್ಟ್) ಕೆಳಗೆ ತುಕ್ಕಿನ ಗೆರೆ, ಅಂಚಿಗೆ ಬಿಳಿ ಉಪ್ಪು. ನಟ್ ಕೆಳಗೆ ಒಂದು ಹನಿ ತೂಗುತ್ತಿತ್ತು. ಎಂಜಿನ್ ಓಡುವಾಗ ಆ ಹನಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಆವಿಯಾಗಿ ಹೋಗುತ್ತದೆ. ನೆಲ ಒಣಗಿರಲು ಅದೇ ಕಾರಣ.

ಹುಮನಾಬಾದ್ ರೋಡಿನ ಹಳೆಯ ಉಸ್ತಾದ್ ಒಬ್ಬರಿಗೆ ತೋರಿಸಿದೆ. "ನೀರು ಚೂಡಿ ಹಿಡ್ಕೊಂಡು ಬರ್ಲಾಕತ್ತದ ನೋಡ್ರಿ" ಅಂದರು. ಚೂಡಿ ಅಂದರೆ ಥ್ರೆಡ್, ಸ್ಟಡ್ ಮೇಲಿನ ತಿರುಪಿನ ಗೆರೆ. ಹಿಂದೆ ಯಾರೋ ಮುರಿದ ಸ್ಟಡ್ ತೆಗೆಯಲು ಡ್ರಿಲ್ ಹೊಡೆದಿದ್ದರು. ಅದು ಜಾಸ್ತಿ ಆಳಕ್ಕೆ ಹೋಗಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಒಳಗಿನ ನೀರಿನ ಜಾಕೆಟ್‌ಗೆ, ಅಂದರೆ ನೀರು ಹರಿಯುವ ಪೊಳ್ಳು ಜಾಗಕ್ಕೆ, ತೂತು ಬಿದ್ದಿತ್ತು. ನೀರು ಸ್ಟಡ್‌ನ ಥ್ರೆಡ್ ಸುತ್ತಿಕೊಂಡೇ ಹೊರಗೆ ಬರುತ್ತಿತ್ತು. ಹಾಗಾಗಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಎಷ್ಟು ಸಲ ಬದಲಿಸಿದರೂ ಇದು ನಿಲ್ಲುವುದಿಲ್ಲ.

ಸ್ಟಡ್ ತೆಗೆಯಲು ಮೂರು ದಿನ ತಾಳ್ಮೆ ಬೇಕಾಯಿತು. ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ನಾಲ್ಕನೇ ದಿನ ನೀರು ಬಸಿದು, ಮ್ಯಾನಿಫೋಲ್ಡ್ ಬಿಚ್ಚಿ, ಸ್ಟಡ್ ಮೇಲೆ ಎರಡು ನಟ್ ಒಂದಕ್ಕೊಂದು ಬಿಗಿದು, ಒಳಗಿನ ನಟ್‌ಗೆ ಪಾನಾ ಹಾಕಿದೆ. ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ, ಮತ್ತೆ ಬಿಚ್ಚು. ಒಂದೇ ಸಮ ಎಳೆದಿದ್ದರೆ ಮತ್ತೆ ಮುರಿಯುತ್ತಿತ್ತು.

ಮೊದಲ ಸಲ ನಾನು ಥ್ರೆಡ್‌ಗೆ ಸಂದಿ ಮುಚ್ಚುವ ಕೆಂಪು ಸಿಲಿಕಾನ್ ಹಚ್ಚಿದೆ. ಹೆಚ್ಚು ಬಿಸಿ ತಡೆಯುತ್ತದೆ ಅಂತ ಟ್ಯೂಬ್ ಮೇಲೆ ಬರೆದಿತ್ತು, ನಂಬಿದೆ. ಆದರೆ ಸ್ಟಡ್ ತಿರುಗಿಸುತ್ತಾ ಹೋದಂತೆ ಅದೆಲ್ಲ ಹೊರಗೇ ಒರೆಸಿಕೊಂಡು ಬಂತು. ತೂತಿನೊಳಗೆ ಎಣ್ಣೆಯ ಪಸೆ, ನೀರಿನ ತೇವ ಹಾಗೇ ಇತ್ತು. ಎರಡೇ ವಾರಕ್ಕೆ ಅದೇ ಹನಿ.

ಎರಡನೇ ಸಲ ಹೆಚ್ಚಿನ ಹೊತ್ತು ಸ್ವಚ್ಛ ಮಾಡುವುದಕ್ಕೇ ಹೋಯಿತು. ಟ್ಯಾಪ್‌ಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಗ್ರೀಸ್ ಹಚ್ಚಿ, ಕೈಯಲ್ಲೇ ಮೆಲ್ಲಗೆ ತಿರುಗಿಸಿ ತೂತಿನ ಥ್ರೆಡ್ ಸ್ವಚ್ಛ ಮಾಡಿದೆ. ಗ್ರೀಸ್ ಇದ್ದರೆ ಕಸ ಅದಕ್ಕೇ ಅಂಟಿ ಹೊರಗೆ ಬರುತ್ತದೆ, ನೀರಿನ ದಾರಿಗೆ ಬೀಳುವುದಿಲ್ಲ. ಆಮೇಲೆ ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆಯ ಬತ್ತಿ ತುರುಕಿ ತೇವ ಹೀರಿಸಿದೆ. ಬತ್ತಿ ಪೂರ್ತಿ ಒಣಗಿ ಬರುವವರೆಗೆ ನಾಲ್ಕೈದು ಸಲ. ಹೊಸ ಸ್ಟಡ್‌ಗೆ ಲಾಕ್‌ಟೈಟ್ 567 ಹಚ್ಚಿದೆ. ಇದು ಟೆಫ್ಲಾನ್ ಬೆರೆತ ಥ್ರೆಡ್ ಸೀಲೆಂಟ್. ಗಾಳಿ ಸಿಗದ ಜಾಗದಲ್ಲಿ, ಲೋಹಕ್ಕೆ ತಾಗಿಕೊಂಡು ಗಟ್ಟಿಯಾಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಎಕ್ಸಾಸ್ಟ್ ಹತ್ತಿರ ಅಷ್ಟು ಸಾಕಾಗುತ್ತಾ ಅಂತ ನನಗೂ ಭಯವಿತ್ತು. ಆದರೆ ಸ್ಟಡ್‌ನ ಒಳತುದಿ ನೀರು ತಣ್ಣಗಿಡುವ ಹೆಡ್‌ನಲ್ಲಿದೆ. ಅಲ್ಲಿ ಮ್ಯಾನಿಫೋಲ್ಡ್‌ನಷ್ಟು ಬಿಸಿ ಇರುವುದಿಲ್ಲ.

ತುದಿಯ ಒಂದು ಸುತ್ತು ಬಿಟ್ಟು ಉಳಿದ ಥ್ರೆಡ್ ತುಂಬ ಹಚ್ಚಿ, ಕೈಯಿಂದ ಕೂರಿಸಿ, ಕೊನೆಗೆ ಹಗುರಾಗಿ ಬಿಗಿದೆ. ಪೂರ್ತಿ 24 ಗಂಟೆ ಮುಟ್ಟಲಿಲ್ಲ. ನೀರೂ ತುಂಬಲಿಲ್ಲ. ನಲ್ಲಿ ಪೈಪಿಗೆ ಸುತ್ತುವ ಬಿಳಿ ಟೇಪ್ ಮಾತ್ರ ಇಲ್ಲಿ ಬೇಡ. ಅದರ ಚೂರು ಹರಿದು ನೀರಿನೊಳಗೆ ಸೇರಬಹುದು.

ಉಳಿದದ್ದು ಮಾಮೂಲಿ ಕೆಲಸ. ಹೊಸ ಗ್ಯಾಸ್ಕೆಟ್, ಹಿತ್ತಾಳೆ ನಟ್, ನಡುವಿನಿಂದ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ. ಹಿತ್ತಾಳೆ ನಟ್ ತುಕ್ಕು ಹಿಡಿದು ಕೂರುವುದಿಲ್ಲ, ಮುಂದೆ ಬಿಚ್ಚುವಾಗ ಸ್ಟಡ್ ಉಳಿಯುತ್ತದೆ. ಇಷ್ಟು ವರ್ಷ ಬೋರ್‌ವೆಲ್ಲಿನ ಸವಳು ನೀರು ಹಾಕಿದ್ದೇ ನಾವು ಮಾಡಿದ ದೊಡ್ಡ ತಪ್ಪು. ಈಗ ಡಿಸ್ಟಿಲ್ಡ್ ವಾಟರ್‌ಗೆ ಕೂಲಂಟ್ ಬೆರೆಸಿ ಹಾಕುತ್ತೇನೆ.

ಆಮೇಲೆ ಬೀದರ್‌ಗೆ ಎರಡು ಸಲ ಹೋಗಿ ಬಂದೆ. ನೀರಿನ ಮಟ್ಟ ಇಳಿದಿಲ್ಲ. ಸ್ಟಡ್ ಕೆಳಗಿನ ಹಳೆಯ ತುಕ್ಕಿನ ಗೆರೆಯನ್ನು ವೈರ್ ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆದಿದ್ದೇನೆ, ಹೊಸ ಗೆರೆ ಬಂದರೆ ಕೂಡಲೇ ಕಾಣಲಿ ಅಂತ.