ಸಂಶೋಧನಾ ಪ್ರಬಂಧ: ವಿಷಯ ಆರಿಸುವುದು ಹೇಗೆ, ಕಿರಿದಾಗಿಸುವುದು ಹೇಗೆ?

ಪದವಿ ತರಗತಿಯಲ್ಲಿ ಸಂಶೋಧನಾ ಪ್ರಬಂಧ ಬರೆಯಬೇಕೆಂದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿದ್ಯಾರ್ಥಿಗಳು ಬಹಳಷ್ಟು ಸಲ ‘ಉತ್ತರ ಕನ್ನಡದ ಕೃಷಿ’, ‘ಕರಾವಳಿಯ ಮೀನುಗಾರಿಕೆ’, ‘ಯಕ್ಷಗಾನ’ ಎಂದು ಬರೆದು ತರುತ್ತಾರೆ. ಇಷ್ಟು ದೊಡ್ಡ ಹರವನ್ನು ಮೂವತ್ತು ಪುಟಗಳಲ್ಲಿ ಹಿಡಿಯಲು ಹೊರಟವರು ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೊಮ್ಮೆ ಬರೆದು ಮುಗಿಸಬೇಕಾಗುತ್ತದೆ.

ಮೊದಲು, ಮನೆಯ ಸುತ್ತ ಕಾಣುವುದರಲ್ಲಿ ನಿಮಗೆ ನಿಜವಾಗಿ ತಿಳಿಯಬೇಕೆನಿಸುವುದು ಯಾವುದೆಂದು ಕೇಳಿಕೊಳ್ಳಿ. ಶಿರಸಿಯವರಿಗೆ ಅಡಿಕೆ ತೋಟ ಮತ್ತು ಅದಕ್ಕೆ ಸೊಪ್ಪು ಒದಗಿಸುವ ಬೆಟ್ಟ, ಅಂಕೋಲೆಯವರಿಗೆ 1930ರ ಉಪ್ಪಿನ ಸತ್ಯಾಗ್ರಹ, ಕಾರವಾರದವರಿಗೆ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಊರು ಬಿಟ್ಟವರ ಬದುಕು ಹತ್ತಿರದ ಸಂಗತಿಗಳು. ಹತ್ತಿರದ್ದನ್ನು ಆರಿಸಿದರೆ ಜನರನ್ನು ಮಾತಾಡಿಸುವುದು ಸುಲಭ; ಆದರೆ ಮನೆಯಲ್ಲಿ ಕೇಳುತ್ತ ಬಂದ ಅಭಿಪ್ರಾಯವನ್ನೇ ಸತ್ಯವೆಂದು ಭಾವಿಸುವ ಅಪಾಯವೂ ಅಲ್ಲಿದೆ.

ಎರಡನೆಯದು ಓದು. ಹಿಂದಿನವರು ಎಲ್ಲಿಯವರೆಗೆ ಕೇಳಿ ನಿಲ್ಲಿಸಿದ್ದಾರೆಂದು ತಿಳಿಯುವುದಕ್ಕಾಗಿ ಈ ಹಂತದ ಓದು. ಪಿಎಚ್‌.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಜಾಲತಾಣವಿದೆ. ಹಳೆಯ ದಾಖಲೆ ಹುಡುಕುವವರು ಒಂದನ್ನು ನೆನಪಿಡಬೇಕು: 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ, 1883ರ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ಮುಂಬಯಿ ಪ್ರಾಂತ್ಯದ ಸಂಪುಟಗಳ ಸಾಲಿನಲ್ಲಿ ‘ಕೆನರಾ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಹೆಚ್ಚು ಶ್ರಮ ಬೇಡುವುದು ಮೂರನೆಯ ಹಂತವಾದ ಕಿರಿದಾಗಿಸುವಿಕೆ. ಕುಮಟಾದ ವಿದ್ಯಾರ್ಥಿನಿಯೊಬ್ಬಳು ‘ಕೃಷಿ’ಯಿಂದ ಹೊರಟಳೆಂದು ಇಟ್ಟುಕೊಳ್ಳೋಣ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಉಬ್ಬರದ ನೀರು ಹೊಗುವ ಗಜನಿ ಭೂಮಿಯಿದೆ. ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ಈ ತಳಿಯ ಕೊಯ್ಲು ಮುಗಿದ ಮೇಲೆ ಒಡ್ಡಿನ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು ಸಿಗುತ್ತವೆ. ಹೀಗೆ ಕೃಷಿ ಗಜನಿಯಾಯಿತು, ಗಜನಿ ಕಗ್ಗವಾಯಿತು. ಇನ್ನು ಸ್ಥಳ, ಕಾಲ, ಜನ ಈ ಮೂರನ್ನೂ ನಿಗದಿ ಮಾಡಬೇಕು: ಮಾಣಿಕಟ್ಟಾ ಸುತ್ತಲಿನ ಗದ್ದೆಗಳು, ಕಳೆದ ಇಪ್ಪತ್ತು ವರ್ಷ, ಬೇಸಾಯ ಮಾಡುವ ಕುಟುಂಬಗಳು.

ಆಮೇಲೆ ಇದನ್ನು ಪ್ರಶ್ನೆಯಾಗಿ ಬರೆಯಿರಿ. ‘ಕಗ್ಗವನ್ನು ಉಳಿಸುವುದು ಹೇಗೆ?’ ಎಂಬುದು ಒಳ್ಳೆಯ ಕಾಳಜಿಯಾದರೂ ವಿದ್ಯಾರ್ಥಿಯೊಬ್ಬಳು ಉತ್ತರಿಸಬಹುದಾದ ಪ್ರಶ್ನೆಯಲ್ಲ. ‘ಕಗ್ಗ ಬಿತ್ತುವುದನ್ನು ಬಿಟ್ಟ ಕುಟುಂಬಗಳು ಮತ್ತು ಬಿಡದ ಕುಟುಂಬಗಳು ತಮ್ಮ ನಿರ್ಧಾರಕ್ಕೆ ಕೊಡುವ ಕಾರಣಗಳೇನು?’ ಎಂಬುದಕ್ಕೆ ಹತ್ತು ಮನೆಗಳಿಗೆ ಹೋಗಿ ಕೂತರೆ ಉತ್ತರ ಸಿಗಲು ತೊಡಗುತ್ತದೆ.

ಪ್ರಶ್ನೆ ಸಿದ್ಧವಾದ ಮೇಲೆ ಕ್ಯಾಲೆಂಡರ್ ನೋಡಿ. ಕಗ್ಗದ ಬಿತ್ತನೆ ಮಳೆಗಾಲದ ಆರಂಭದಲ್ಲಿ; ಪ್ರಬಂಧವನ್ನು ಮಾರ್ಚ್‌ನಲ್ಲಿ ಸಲ್ಲಿಸಬೇಕಾಗಿದ್ದು ಕ್ಷೇತ್ರಕಾರ್ಯ ಜನವರಿಯಲ್ಲಿ ಶುರುವಾದರೆ ಪೈರು ನೋಡಲು ಸಿಗುವುದಿಲ್ಲ, ಮಾತುಕತೆಯನ್ನೇ ನೆಚ್ಚಬೇಕಾಗುತ್ತದೆ. ಇದನ್ನು ಮಾರ್ಗದರ್ಶಕರಿಗೆ ಮೊದಲೇ ಹೇಳುವುದು ಒಳ್ಳೆಯದು.

ಕೊನೆಗೆ, ಪ್ರಶ್ನಾವಳಿ ಮುದ್ರಿಸುವ ಮುನ್ನ ಎರಡು ಮನೆಗಳಿಗಾದರೂ ಹೋಗಿ ಮಾತಾಡಿ ಬನ್ನಿ, ಗಂಡಸರನ್ನಷ್ಟೇ ಕೇಳಿ ಹಿಂತಿರುಗಬೇಡಿ. ನೆಟ್ಟು ಕೊಯ್ದ ಹೆಂಗಸರ ಲೆಕ್ಕ ಬೇರೆಯೇ ಇರಬಹುದು. ಕೂಲಿಯ ಬಗ್ಗೆ ಕೇಳಲು ಹೋದವಳಿಗೆ ಅವರು ಒಡ್ಡಿನ ಬಾಗಿಲನ್ನು ಯಾವಾಗ ತೆರೆಯಬೇಕೆಂದು ನಿರ್ಧರಿಸುವವರು ಯಾರು ಎಂಬುದನ್ನೇ ಮತ್ತೆ ಮತ್ತೆ ಹೇಳಿದರೆ, ಆಕೆ ತನ್ನ ಪ್ರಶ್ನೆಯನ್ನು ಆ ಬಾಗಿಲಿನ ಕಡೆಗೆ ತಿರುಗಿಸಿಕೊಳ್ಳಬೇಕು. ಶೀರ್ಷಿಕೆಯನ್ನು ಆಮೇಲೆ ಬರೆದರೆ ಸಾಕು.